ಲೆಕ್ಕ ಇಬ್ಬರೂ ಕೂತು ಬರೆಯಿರಿ

ತಮ್ಮಾ,

ಪ್ರತಿ ಯುಗಾದಿಗೂ ನೀನು ನೋಟ್‌ಬುಕ್ಕಿನಲ್ಲಿ ಬರೆದಿಡುವ ಪುಟಗಳನ್ನು ಈ ಸಲ ನನಗೂ ಕಳಿಸಿ, ‘ದೊಡ್ಡಪ್ಪ, ಓದಿ ನಿಮಗೇನು ಅನಿಸ್ತು ಹೇಳ್ರಿ’ ಅಂದಿದ್ದೀಯ. ಸಂಸಾರ, ಕೆಲಸ, ಸ್ವಂತದ್ದು ಎಂದು ಮೂರು ತಲೆಬರಹ ಹಾಕಿ, ಹೋದ ವರ್ಷ ಏನಾಯಿತು, ಬರುವ ವರ್ಷ ಏನಾಗಬೇಕು ಎಂದು ಬರೆಯುವ ಈ ಅಭ್ಯಾಸ ಬಹಳ ಒಳ್ಳೆಯದು. ಮೂವತ್ತೈದರೊಳಗಿನ ಗಂಡಸರಲ್ಲಿ ಹೀಗೆ ಕೂತು ಯೋಚಿಸುವವರನ್ನು ನಾನು ಹೆಚ್ಚು ಕಂಡಿಲ್ಲ. ಬಿಡಬೇಡ. ಆದರೆ ಅಷ್ಟೂ ಪುಟಗಳಲ್ಲಿ ಇರುವುದು ಒಬ್ಬರದೇ ಕೈಬರಹ. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಅದರ ಬಗ್ಗೆಯೇ.

ನನ್ನ ಸೇವೆಯೆಲ್ಲ ಕಳೆದದ್ದು ಪತ್ತಿನ ಸಹಕಾರ ಸಂಘದಲ್ಲಿ. ನಮ್ಮ ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ್ದರಲ್ಲ, ಅದೇ ಜಾತಿಯ ಸಂಘ. ಅಲ್ಲಿ ಕಾರ್ಯದರ್ಶಿ ಎಷ್ಟೇ ಪ್ರಾಮಾಣಿಕನಾಗಿರಲಿ, ತಾನು ಬರೆದ ಅಢಾವೆಯನ್ನು ತಾನೇ ಒಪ್ಪಿಕೊಂಡು ಮುಚ್ಚುವಂತಿಲ್ಲ. ಮಾರ್ಚ್ 31ಕ್ಕೆ ಕಿರ್ದಿ ಮುಗಿದರೂ ಲೆಕ್ಕಪರಿಶೋಧನೆ ಆಗಬೇಕು, ವಾರ್ಷಿಕ ಸಭೆಯಲ್ಲಿ ಸದಸ್ಯರ ಮುಂದೆ ಓದಬೇಕು, ಕೇಳಿದ್ದಕ್ಕೆ ಉತ್ತರ ಕೊಡಬೇಕು, ಠರಾವು ಆಗಬೇಕು. ಆಗ ವರ್ಷ ಮುಗಿಯಿತು ಅಂತ ಅರ್ಥ. ಸದಸ್ಯರು ಅನುಮಾನಪಟ್ಟು ಕೇಳುತ್ತಾರೆ ಅಂತಲ್ಲ. ಕಾರ್ಯದರ್ಶಿಗೆ ಕಾಣದ್ದು ಅವರಿಗೆ ಕಂಡಿರುತ್ತದೆ.

ನೀನು ಸಂಸಾರದ ಕೆಳಗೆ ‘ಮಗನಿಗೆ ಹೆಚ್ಚು ಸಮಯ ಕೊಟ್ಟೆ’ ಎಂದು ಬರೆದಿದ್ದೀಯ. ಇರಬಹುದು. ಆದರೆ ಆ ಸಾಲಿಗೆ ಸಹಿ ಹಾಕಬೇಕಾದವಳು ನನ್ನ ಸೊಸೆ. ಇನ್ನು ‘ಕೆಲಸ’ದ ಪುಟ ನೋಡು. ಟೀಮ್ ಲೀಡ್ ಆಗಬೇಕು, ಹೊಸ ಪ್ರಾಜೆಕ್ಟ್ ಏಪ್ರಿಲ್‌ನಿಂದ ಶುರು, ಇನ್ನೊಂದು ಸರ್ಟಿಫಿಕೇಟ್ ಮಾಡಿಕೊಳ್ಳಬೇಕು. ಎಲ್ಲವೂ ನಿನ್ನದೇ. ಅವಳ 26 ವಾರದ ಹೆರಿಗೆ ರಜೆ ಮುಗಿಯುವುದೂ ಅದೇ ಏಪ್ರಿಲ್‌ನಲ್ಲಿ. ಆರು ತಿಂಗಳ ಹೆಣ್ಣುಕೂಸನ್ನು ಬಿಟ್ಟು ಅವಳು ಕಚೇರಿಯ ಮೆಟ್ಟಿಲು ಹತ್ತುವ ವಾರವೇ ನಿನಗೂ ಹೊಸ ಪ್ರಾಜೆಕ್ಟ್ ಶುರು. ಈ ವರ್ಷ ನಿಮ್ಮ ಮನೆಯಲ್ಲಿ ನಡೆಯಲಿರುವ ಎಲ್ಲಕ್ಕಿಂತ ದೊಡ್ಡ ಸಂಗತಿ ಅದು. ನಿನ್ನ ಪುಟದಲ್ಲಿ ಅದಕ್ಕೆ ಅರ್ಧ ಸಾಲೂ ಇಲ್ಲ.

ನಿನ್ನ ಮನಸ್ಸಿನಲ್ಲಿ ಕೆಟ್ಟದ್ದಿಲ್ಲ ಎಂದು ನನಗೆ ಗೊತ್ತು. ನಮ್ಮ ಕಾನೂನು, ಕಚೇರಿಗಳ ರೂಢಿ ಎರಡೂ ತಂದೆಯನ್ನು ಹೀಗೇ ಯೋಚಿಸಲು ಕಲಿಸಿವೆ. ಸರ್ಕಾರಿ ನೌಕರನಿಗೆ ಮಗು ಹುಟ್ಟಿದಾಗ 15 ದಿನದ ಪಿತೃತ್ವ ರಜೆ ಇದೆ. ನಿನ್ನಂಥ ಖಾಸಗಿ ನೌಕರನಿಗೆ ಅಷ್ಟನ್ನೂ ಕೊಡಲೇಬೇಕೆಂಬ ಕಾಯ್ದೆ ಇಲ್ಲ, ಕಂಪನಿಯವರು ಕೊಟ್ಟಷ್ಟು. 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕೆಂಬ ನಿಯಮ ಹೆರಿಗೆ ಸೌಲಭ್ಯದ ಕಾನೂನಿಗೆ 2017ರಲ್ಲಿ ಆದ ತಿದ್ದುಪಡಿಯಿಂದ ಬಂತು. ಅದರಲ್ಲೂ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿಬರುವ ಹಕ್ಕು ಕೊಟ್ಟಿರುವುದು ತಾಯಿಗೆ. ಕಾನೂನು ತಂದೆಯನ್ನು ಬದಿಗಿಟ್ಟಿದೆ ಎಂದು ನೀನೂ ಬದಿಗೆ ಸರಿಯಬೇಡ. ಸೊಸೆಯ ಕಚೇರಿಯಲ್ಲಿ ಆ ವ್ಯವಸ್ಥೆ ಇದೆಯೇ ಎಂದು ವಿಚಾರಿಸು. ಇಲ್ಲದಿದ್ದರೆ ನಿನ್ನ ಕಚೇರಿಯಲ್ಲಿ ಕೇಳು, ತಂದೆ ಮಗುವನ್ನು ಕರೆತರಬಹುದೇ ಎಂದು. ಕೇಳುವುದಕ್ಕೆ ಸಂಕೋಚಪಡಬೇಡ. ಒಂಬತ್ತು ತಿಂಗಳು ತುಂಬಿದಾಗ ಮಗಳಿಗೆ ದಡಾರ-ರುಬೆಲ್ಲಾ ಲಸಿಕೆ ಹಾಕಿಸಬೇಕು. ಆ ದಿನದ ರಜೆ ನೀನು ಹಾಕು. ತಾಯಿ ಕಾರ್ಡು ಯಾವ ಕಪಾಟಿನಲ್ಲಿದೆ ಎಂದು ಈಗಲೇ ನೋಡಿಟ್ಟುಕೋ.

ಇನ್ನು ಮನೆ ಸಾಲ. ಅದು ನನ್ನ ಕಸುಬಿನ ಮಾತು, ಸ್ವಲ್ಪ ಹೆಚ್ಚೇ ಹೇಳುತ್ತೇನೆ. 50 ಲಕ್ಷ, ಶೇಕಡಾ 8.5, 20 ವರ್ಷ. ಕಂತು ತಿಂಗಳಿಗೆ 43 ಸಾವಿರ ಚಿಲ್ಲರೆ. ಮೊದಲ ಕಂತಿನಲ್ಲಿ 35 ಸಾವಿರ ದಾಟಿ ಬಡ್ಡಿಗೇ ಹೋಗಿದೆ, ಅಸಲಿಗೆ ಸಂದದ್ದು ಎಂಟು ಸಾವಿರದಷ್ಟು. ಅದಕ್ಕೇ ನೀನು ‘ಮೊದಲ ಐದು ವರ್ಷ ಗಟ್ಟಿಯಾಗಿ ದುಡಿದು ಸಾಲ ಇಳಿಸುವುದು, ಶನಿವಾರ ಹೊರಗಿನ ಕೆಲಸ ಹಿಡಿಯುವುದು’ ಎಂದು ಬರೆದಿದ್ದೀಯ. ಲೆಕ್ಕ ತಪ್ಪಿಲ್ಲ. ಈಗ ಒಂದು ಲಕ್ಷ ಹೆಚ್ಚಿಗೆ ಕಟ್ಟಿದರೆ ಕೊನೆಯಲ್ಲಿ ಹತ್ತರ ಹತ್ತಿರ ಕಂತು ಉಳಿಯುತ್ತದೆ. ಅದೇ ಲಕ್ಷವನ್ನು ಹದಿನೈದನೇ ವರ್ಷದಲ್ಲಿ ಕಟ್ಟಿದರೆ ಉಳಿಯುವುದು ಮೂರೋ ನಾಲ್ಕೋ. ಸಂಘದಲ್ಲಿ ರೈತರಿಗೆ ನಾನೂ ಇದನ್ನೇ ಹೇಳುತ್ತಿದ್ದೆ, ಅಸಲು ಮೊದಲು ಮುರಿಯಿರಿ ಎಂದು.

ಆದರೆ ಮಕ್ಕಳ ವಿಷಯದಲ್ಲೂ ಮೊದಲ ವರ್ಷಗಳೇ ಹೆಚ್ಚು ತೂಕದವು. ಐದು ವರ್ಷ ತುಂಬುವಷ್ಟರಲ್ಲಿ ಮಗುವಿನ ಮಿದುಳು ದೊಡ್ಡವರ ಮಿದುಳಿನ ಗಾತ್ರದ ಸುಮಾರು ಶೇಕಡಾ 90ರಷ್ಟು ಬೆಳೆದಿರುತ್ತದೆ. ನಿನ್ನ ಮಗ ಈಗ ಐದರ ಹುಡುಗ, ಬರುವ ವರ್ಷ ಜೂನ್‌ಗೆ ಒಂದನೇ ತರಗತಿ. ಶಾಲೆ, ಗೆಳೆಯರು, ಟ್ಯೂಷನ್ ಅಂತ ಶುರುವಾದ ಮೇಲೆ ಶನಿವಾರ ಬೆಳಿಗ್ಗೆ ‘ಅಪ್ಪಾ, ಬಾ’ ಎಂದು ಲುಂಗಿ ಹಿಡಿದು ಎಳೆಯುವುದು ಮೆಲ್ಲಗೆ ನಿಲ್ಲುತ್ತದೆ. ಸಾಲ ತೀರುವುದು 2044ಕ್ಕೆ. ಆಗ ಅವನಿಗೆ 23. ಒಂದೇ ಐದು ವರ್ಷಕ್ಕೆ ಬ್ಯಾಂಕೂ ಮಕ್ಕಳೂ ಇಬ್ಬರೂ ಕೈ ಚಾಚಿರುವಾಗ ಯಾರಿಗೆ ಮೊದಲು ಎಂದು ನನ್ನನ್ನು ಕೇಳಿದರೆ, ಬಡ್ಡಿ ಬರೆಯುತ್ತಲೇ ಮುದುಕನಾದ ನಾನು ಹೇಳುತ್ತೇನೆ: ಬ್ಯಾಂಕು ಕಾಯಲಿ. ಬೋನಸ್ ಬಂದರೆ ಪೂರ್ತಿ ಸಾಲಕ್ಕೆ ಕಟ್ಟು, ಸಂಬಳ ಏರಿದಾಗ ಕಂತನ್ನೂ ಏರಿಸು. ಶನಿವಾರವನ್ನು ಮಾತ್ರ ಮಾರಬೇಡ. ಹೊರಗಿನ ಕೆಲಸ ಇಲ್ಲದಿದ್ದರೆ ಒಲೆ ಹೊತ್ತುವುದೇ ಇಲ್ಲ ಅನ್ನುವವನ ಮಾತು ಬೇರೆ, ಅವನಿಗೆ ನಾನು ಇದನ್ನು ಹೇಳಲಾರೆ. ನಿಮಗೆ ಇಬ್ಬರ ಸಂಬಳವಿದೆ.

‘ಸ್ವಂತದ್ದು’ ಎಂಬ ಪುಟದಲ್ಲಿ ಹತ್ತು ಕಿಲೋಮೀಟರ್ ಓಟ, ಗಿಟಾರು, 24 ಪುಸ್ತಕ, ತೂಕ ಇಳಿಸುವುದು ಎಲ್ಲವೂ ಇದೆ. ಒಂದನ್ನು ಇಟ್ಟುಕೊಂಡು ಉಳಿದದ್ದು ಹೊಡೆದುಹಾಕು. ಓಟವೇ ಆಗಲಿ, ಮೈಗೂ ಒಳ್ಳೆಯದು. ಬೆಳಿಗ್ಗೆ ನೀನು ಓಡಲು ಹೋದಷ್ಟೇ ಹೊತ್ತು ಸಂಜೆ ಅವಳಿಗೂ ಸಿಗಬೇಕು. ಆ ಹೊತ್ತಿನಲ್ಲಿ ಅವಳು ಏನು ಮಾಡುತ್ತಾಳೆ ಎಂದು ಕೇಳಬಾರದು. ಹಾಡು ಕಲಿತಾಳು, ಸುಮ್ಮನೆ ಮಲಗಿಯಾಳು.

ಈ ಲೆಕ್ಕಕ್ಕೆ ನಿಮ್ಮಿಬ್ಬರದೂ ಒಂದು ವಾರ್ಷಿಕ ಸಭೆ ಆಗಲಿ, ಆದರೆ ಅದನ್ನು ಹಬ್ಬದ ದಿನವೇ ಇಟ್ಟುಕೊಳ್ಳಬೇಡಿ. ಅವತ್ತು ಬೆಳಗಿನಿಂದ ಹೂರಣ ರುಬ್ಬಿ, ಹೋಳಿಗೆ ತಟ್ಟಿ, ಬಂದವರಿಗೆ ಬಡಿಸಿ ಕೈಸೋತು ಕೂತವಳಿಗೆ ‘ಈ ವರ್ಷ ನಿನ್ನ ಗುರಿಯೇನು’ ಎಂದು ಕೇಳಿದರೆ ಅವಳು ಏನು ತಾನೆ ಹೇಳಿಯಾಳು. ಒಂದು ವಾರ ಬಿಡು. ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟು ಇಬ್ಬರೇ ಕೂಡಿರಿ. ಮೊದಲು ಅವಳು ಬರೆಯಲಿ. ನೀನು ಬರೆದಿದ್ದನ್ನು ಮೊದಲೇ ತೋರಿಸಿದರೆ ಅವಳು ಅದಕ್ಕೆ ಹೊಂದಿಸಿ ಬರೆಯುತ್ತಾಳೆ, ನಮ್ಮ ಹೆಣ್ಣುಮಕ್ಕಳಿಗೆ ಹಾಗೆ ಹೊಂದಿಕೊಳ್ಳುವುದನ್ನು ಸಣ್ಣಂದಿನಿಂದ ಕಲಿಸಿಟ್ಟಿದ್ದೇವೆ. ಆಮೇಲೆ ಎರಡೂ ಪುಟ ಪಕ್ಕ ಪಕ್ಕ ಇಟ್ಟು ಓದಿ. ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ನಿಲ್ಲಿ. ಅವಳು ಕಟುವಾಗಿ ಏನಾದರೂ ಬರೆದಿದ್ದರೆ ತಕ್ಷಣ ಉತ್ತರ ಹೇಳಲು ಹೋಗಬೇಡ. ರಾತ್ರಿ ಕಳೆಯಲಿ.

ಅದೇ ದಿನ ಹಣದ ಕಾಗದಗಳನ್ನೂ ಹೊರಗೆ ತೆಗೆ. ಗಂಡ ಹೋದ ಮೇಲೆ ಯಾವ ಪಾಸ್‌ಬುಕ್ ಎಲ್ಲಿದೆ, ಯಾರಿಗೆ ಎಷ್ಟು ಕೊಡಬೇಕು ಎಂದು ತಿಳಿಯದೆ ನನ್ನ ಮೇಜಿನ ಮುಂದೆ ಬಂದು ನಿಂತ ಹೆಣ್ಣುಮಕ್ಕಳನ್ನು ನೋಡಿ ನೋಡಿ ಹೊಟ್ಟೆ ಉರಿದಿದೆ ನನಗೆ. ನಾಮಿನಿಯ ಹೆಸರು ಎಲ್ಲ ಖಾತೆಗಳಲ್ಲೂ ಇದೆಯೇ ನೋಡು, ಹಳೆಯ ಪಿಎಫ್‌ನಲ್ಲಿ ಇನ್ನೂ ನಿನ್ನ ಅವ್ವನ ಹೆಸರೇ ಇರಬಹುದು. ಹೊಸ ಜೀವವಿಮೆ ಮಾಡಿಸುತ್ತೇನೆ ಅಂದಿದ್ದೀಯಲ್ಲ, ಅದನ್ನು 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಮಾಡಿಸು. ಆಗ ಆ ಹಣ ಹೆಂಡತಿ ಮಕ್ಕಳಿಗೇ ಮೀಸಲು, ನಿನಗೆ ಸಾಲ ಕೊಟ್ಟವರು ಕೈಹಾಕುವಂತಿಲ್ಲ. ಪಾಲಿಸಿ ತೆಗೆದುಕೊಳ್ಳುವಾಗಲೇ ಇದನ್ನು ಹೇಳಬೇಕು.

ಮಗಳ ಹೆಸರಿನಲ್ಲಿ ಅಂಚೆ ಕಚೇರಿಯಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆಯುವುದನ್ನು ಮುಂದೂಡಬೇಡ. ವರ್ಷಕ್ಕೆ 250 ರೂಪಾಯಿಗೆ ಕಡಿಮೆ ಇಲ್ಲ, ಒಂದೂವರೆ ಲಕ್ಷಕ್ಕೆ ಮೇಲಿಲ್ಲ. 15 ವರ್ಷ ಕಟ್ಟಿದರೆ ಖಾತೆ ತೆರೆದು 21 ವರ್ಷಕ್ಕೆ ಕೈಗೆ ಬರುತ್ತದೆ. ಇಂತಿಷ್ಟೇ ಕಟ್ಟುವುದೆಂದು ಇಬ್ಬರೂ ಸೇರಿ ಠರಾವು ಮಾಡಿಕೊಳ್ಳಿ. ಪ್ರತಿ ತಿಂಗಳು 5ನೇ ತಾರೀಖಿನ ಒಳಗೆ ಜಮಾ ಆದ ಹಣಕ್ಕೆ ಆ ತಿಂಗಳ ಬಡ್ಡಿ ಸಿಗುತ್ತದೆ, ಆಮೇಲೆ ಕಟ್ಟಿದರೆ ಆ ತಿಂಗಳು ಹೋಯಿತು. ಈ 2026ರಲ್ಲಿ ಏಪ್ರಿಲ್ 5 ಭಾನುವಾರ, 3ಕ್ಕೆ ಗುಡ್ ಫ್ರೈಡೆ ರಜೆ. ಆದ್ದರಿಂದ 4ನೇ ತಾರೀಖು ಶನಿವಾರ ಬೆಳಿಗ್ಗೆಯೇ ಹೋಗು. ಮಗನನ್ನೂ ಕರೆದುಕೊಂಡು ಹೋಗು, ಚಲನ್ ತುಂಬುವುದನ್ನು ಅವನು ನೋಡಲಿ.