ಗುಳೆಯ ಹಾದಿ: ಕರುಣೆ ಮತ್ತು ಕರ್ತವ್ಯ

(ಪ್ರೌಢ ತರಗತಿಗಳ ಮೌಲ್ಯ ಶಿಕ್ಷಣಕ್ಕೆ)

ಉದ್ದೇಶ: ಅಪಾಯದ ಹಾದಿಯಲ್ಲಿ ಸಾಗುವ ವಲಸೆ ಕಾರ್ಮಿಕರ ವಿಷಯದಲ್ಲಿ ಸಮಾಜದ ಹೊಣೆ ಯಾವುದೆಂಬುದನ್ನು ವಿದ್ಯಾರ್ಥಿಗಳು ಸ್ವತಃ ವಿವೇಚಿಸುವಂತೆ ಮಾಡುವುದು.

ಹಿನ್ನೆಲೆ: ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಗಳು ಕೃಷ್ಣೆಯನ್ನು ಕಂಡರೂ ಬರವನ್ನು ಬಲ್ಲವು. ಹಿಂದಿನ ಮಹಬೂಬನಗರ ಜಿಲ್ಲೆಯಿಂದ ಹೊರಟು ದೂರದೂರದ ಅಣೆಕಟ್ಟು, ಕಾಲುವೆಗಳಲ್ಲಿ ಮಣ್ಣು ಹೊತ್ತವರನ್ನು 'ಪಾಲಮೂರು ಕೂಲಿ'ಗಳೆಂದು ಕರೆದರು. ಈ ಹೊರಡುವಿಕೆಗೆ ಕನ್ನಡದಲ್ಲಿ ಗುಳೆಯೆಂದೂ ತೆಲುಗಿನಲ್ಲಿ ವಲಸವೆಂದೂ ಹೆಸರು.

ಪ್ರಸಂಗ: 2020ರ ಮಾರ್ಚ್ 25ರಂದು ದೇಶವ್ಯಾಪಿ ಲಾಕ್‌ಡೌನ್ ಜಾರಿಗೆ ಬಂದಿತು. ಕೂಲಿಯೂ ವಾಹನವೂ ಇಲ್ಲದಾದ ಕಾರ್ಮಿಕರು ಬಿಸಿಲಿನಲ್ಲಿ ಊರಿನತ್ತ ನಡೆದರು. ಮೇ 8ರ ನಸುಕಿನಲ್ಲಿ ಔರಂಗಾಬಾದ್ ಬಳಿ ದಣಿದು ಹಳಿಯ ಮೇಲೆ ಮಲಗಿದ್ದ 16 ಮಂದಿ ಸರಕು ರೈಲಿಗೆ ಸಿಲುಕಿ ಮಡಿದರು. ಅವರು ಜಾಲನಾದಿಂದ ಮಧ್ಯಪ್ರದೇಶಕ್ಕೆ ಹೊರಟವರು. ಮೇ 28ರಂದು ಸರ್ವೋಚ್ಚ ನ್ಯಾಯಾಲಯವು ಊರಿಗೆ ಮರಳುವ ಕಾರ್ಮಿಕರಿಂದ ರೈಲು, ಬಸ್ಸುಗಳ ದರವನ್ನು ಪಡೆಯಬಾರದೆಂದು ಆದೇಶಿಸಿತು.

ವಿವೇಚನೆ: "ಹಳಿಯ ಮೇಲೆ ಏಕೆ ಮಲಗಿದರು?" ಎಂದು ವಿದ್ಯಾರ್ಥಿಗಳು ಕೇಳುವುದು ಸಹಜ. ಅದರ ಜೊತೆಗೆ "ಬೇರೆ ಯಾವ ದಾರಿ ಅವರಿಗೆ ಉಳಿದಿತ್ತು?" ಎಂಬ ಪ್ರಶ್ನೆಯನ್ನೂ ಶಿಕ್ಷಕರು ಇಡಬೇಕು. ಆಯ್ಕೆಯೇ ಇಲ್ಲದವನ ಮೇಲೆ ತಪ್ಪಿನ ಪೂರ್ಣ ಭಾರವನ್ನು ಹೊರಿಸುವುದು ನ್ಯಾಯವಲ್ಲ.

ನಮ್ಮ ನಾಡಿನಲ್ಲಿ ಬೇಸಿಗೆಯ ದಾರಿಗಳಲ್ಲಿ ಅರವಟ್ಟಿಗೆಯನ್ನಿಡುವ ರೂಢಿಯುಂಟು. ನೀರು ಕೊಡುವವರು ದಾರಿಹೋಕನ ಊರನ್ನಾಗಲಿ ಜಾತಿಯನ್ನಾಗಲಿ ಕೇಳುವುದಿಲ್ಲ. ಇದು ಕರುಣೆ. ಆದರೆ ಕರುಣೆಯು ಕೊಡುವವರ ಮನಸ್ಸನ್ನು ಅವಲಂಬಿಸಿದೆ. ಕರ್ತವ್ಯವು ಪಡೆಯುವವರ ಹಕ್ಕನ್ನು ಅವಲಂಬಿಸಿದೆ. ಅಂತರರಾಜ್ಯ ವಲಸೆ ಕಾರ್ಮಿಕರ 1979ರ ಕಾಯ್ದೆಯು ಪ್ರಯಾಣ ಭತ್ಯೆಯನ್ನು ಗುತ್ತಿಗೆದಾರನ ಹೊಣೆಯಾಗಿಸಿತ್ತು. ದುಡಿಮೆಯ ಫಲವನ್ನು ಪಡೆದವರು ದುಡಿದವರ ದಾರಿಗೂ ಬಾಧ್ಯರು ಎಂಬುದೇ ಇದರ ತಿರುಳು. ಅರವಟ್ಟಿಗೆಯ ನೀರು ಈ ಬಾಧ್ಯತೆಯನ್ನು ತೀರಿಸಲಾರದು. ಬಾಧ್ಯತೆ ತೀರುವವರೆಗೆ ನೀರನ್ನು ತಡೆಯಲೂ ಆಗದು.

ಶಿಕ್ಷಕರಿಗೆ ಸೂಚನೆ: ಗುಳೆ ಹೋದ ಮನೆಯ ಮಕ್ಕಳು ತರಗತಿಯಲ್ಲಿಯೇ ಇರಬಹುದು. ಅವರನ್ನು ಎಬ್ಬಿಸಿ ನಿಲ್ಲಿಸಿ ಉದಾಹರಣೆಯಾಗಿಸಬಾರದು. ತಾವಾಗಿ ಹೇಳಬಯಸಿದರೆ ಆದರದಿಂದ ಆಲಿಸಬೇಕು.

ಚರ್ಚೆಗೆ:
1. ಗಡಿಯಲ್ಲಿ ತಡೆಯಲ್ಪಟ್ಟ ಕಾರ್ಮಿಕನಿಗೆ ಯಾರು ಹೊಣೆ: ಹೊರಟ ರಾಜ್ಯವೇ, ತಲುಪಬೇಕಾದ ರಾಜ್ಯವೇ, ಕೆಲಸ ಕೊಟ್ಟವರೇ?
2. ರೋಗ ಹರಡುವ ಭಯವಿದ್ದಾಗ ಊರಿನವರು ಮರಳಿ ಬಂದವರನ್ನು ಹೊರಗಿಡಬಹುದೇ? ಹೊರಗಿಟ್ಟರೆ ಅವರ ಅನ್ನ, ನೀರು, ನೆರಳಿನ ವ್ಯವಸ್ಥೆ ಯಾರದು?