ಯಾವ ನೀರಿಗೆ ಯಾವ ಗುರು: ಬ್ರಿಟನ್ನಿನಲ್ಲಿ ಕಯಾಕ್ ಕೋಚ್ ಆಗುವ ದಾರಿ, ಹಂತ ಹಂತವಾಗಿ

ಆನೆಗೊಂದಿಯ ಕಡವಿನಲ್ಲಿ ಹರಿಗೋಲು ಹಾಕಿ ಬೆಳೆದ ಅಂಬಿಗನಿಗೆ ತುಂಗಭದ್ರೆಯ ಆ ಒಂದು ಹರವು ಮನೆಯಂಗಳದಷ್ಟೇ ಪರಿಚಿತ. ಯಾವ ಬಂಡೆಯ ಹಿಂದೆ ಸುಳಿ ಇದೆ, ನೀರು ಎಲ್ಲಿಯವರೆಗೆ ಏರಿದರೆ ಹರಿಗೋಲು ಇಳಿಸಬಾರದು ಎಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಅವನನ್ನೇ ಕರೆದೊಯ್ದು ಮಂಗಳೂರಿನ ಅಳಿವೆಯಲ್ಲಿ ನಿಲ್ಲಿಸಿದರೆ ಮಾತ್ರ ಹುಟ್ಟು ಕೆಳಗಿಟ್ಟು, ಇದು ನನ್ನ ನೀರಲ್ಲ ಅಂದಾನು. ಬ್ರಿಟನ್ನಿನಲ್ಲಿ ಕಯಾಕ್, ಕನೂ, ಪ್ಯಾಡಲ್‌ಬೋರ್ಡ್ ಕಲಿಸುವವರ ಅರ್ಹತಾ ವ್ಯವಸ್ಥೆ ನಿಂತಿರುವುದೂ ಈ ಒಂದು ತಿಳಿವಳಿಕೆಯ ಮೇಲೆಯೇ. ಅಲ್ಲಿ ನೆಲೆಸಿ, ವಾರಾಂತ್ಯದಲ್ಲಿ ಕಯಾಕ್ ಹಾಕಿ, ಈಗ ಇತರರಿಗೂ ಕಲಿಸಬೇಕು ಎಂದುಕೊಂಡಿರುವ ಕನ್ನಡಿಗರಿಗಾಗಿ ಈ ಬರಹ.

ಮೊದಲ ಹಂತ: ಯಾರು ಏನು ಮಾಡುತ್ತಾರೆ ತಿಳಿದುಕೊಳ್ಳಿ

1936ರಲ್ಲಿ ಬ್ರಿಟಿಷ್ ಕನೂ ಯೂನಿಯನ್ ಆಗಿ ಹುಟ್ಟಿದ ಸಂಸ್ಥೆ ಮುಂದೆ ಬ್ರಿಟಿಷ್ ಕನೂಯಿಂಗ್ ಆಯಿತು, 2024ರಿಂದ ಅದರ ಹೆಸರು ಪ್ಯಾಡಲ್ ಯುಕೆ. ಹಳೆಯ ಪುಸ್ತಕ, ಹಳೆಯ ಪ್ರಮಾಣಪತ್ರಗಳಲ್ಲಿ ಬೇರೆ ಹೆಸರು ಕಂಡರೆ ಗಾಬರಿಯಾಗಬೇಡಿ. ಅರ್ಹತೆಗಳ ಪಠ್ಯ ಮತ್ತು ಮಾನದಂಡ ರೂಪಿಸುವುದು ಇದರ ಅವಾರ್ಡಿಂಗ್ ಬಾಡಿ. ಅವು ಜನರಿಗೆ ತಲುಪುವಂತೆ ನೋಡಿಕೊಳ್ಳುವುದು ಆಯಾ ನಾಡಿನ ಸಂಘ: ಸ್ಕಾಟ್ಲೆಂಡಿನಲ್ಲಿ ಪ್ಯಾಡಲ್ ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಪ್ಯಾಡಲ್ ಕಮ್ರಿ. ನೀರಿಗಿಳಿದು ಪಾಠ ಮಾಡುವವರು, ಪರೀಕ್ಷೆ ನಡೆಸುವವರು ಮಾನ್ಯತೆ ಪಡೆದ ಟ್ಯೂಟರ್‌ಗಳು ಮತ್ತು ಅಸೆಸರ್‌ಗಳು. ಇವರಲ್ಲಿ ಕೆಲವರು ಸ್ವತಂತ್ರವಾಗಿ ಕೋರ್ಸ್ ನಡೆಸುತ್ತಾರೆ, ಕೆಲವರು ವೇಲ್ಸ್‌ನ ಪ್ಲಾಸ್ ವೈ ಬ್ರೆನಿನ್ ಅಥವಾ ಸ್ಕಾಟ್ಲೆಂಡಿನ ಗ್ಲೆನ್‌ಮೋರ್ ಲಾಡ್ಜ್‌ನಂಥ ಕೇಂದ್ರಗಳಲ್ಲಿ. ನೀವು ಹಣ ಕೊಡುವುದು ಕೋರ್ಸ್ ನಡೆಸುವವರಿಗೆ, ಪ್ರಮಾಣಪತ್ರದ ಬೆಲೆ ಬರುವುದು ಅವಾರ್ಡಿಂಗ್ ಬಾಡಿಯಿಂದ. ಆದ್ದರಿಂದ ಕೋರ್ಸ್ ಅಧಿಕೃತವಾಗಿ ನೋಂದಣಿಯಾಗಿದೆಯೇ ಎಂದು ಮುಂಗಡ ಕೊಡುವ ಮೊದಲೇ ಕೇಳಿ.

ಎರಡನೆಯ ಹಂತ: ನಿಮ್ಮ ನೀರು ಯಾವುದು, ಗೊತ್ತುಮಾಡಿಕೊಳ್ಳಿ

ಹೆಚ್ಚಿನವರು ‘ಯಾವ ಲೆವೆಲ್ ಮಾಡಲಿ?’ ಎಂದು ಕೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಆ ಪ್ರಶ್ನೆಯೇ ದಾರಿ ತಪ್ಪಿಸುತ್ತದೆ. ‘ಯಾವ ನೀರಿನಲ್ಲಿ ಕಲಿಸಲಿ?’ ಎಂಬುದರಿಂದ ಶುರುಮಾಡಿ.

ಅತಿ ಸುರಕ್ಷಿತ ನೀರು ಎಂದರೆ ದಡ ಹತ್ತಲು ಸುಲಭವಾದ ನಿಶ್ಚಲ ಕಾಲುವೆ, ಸಣ್ಣ ಕೆರೆ, ಮೆಲ್ಲಗೆ ಹರಿಯುವ ನದಿಯ ಗೊತ್ತುಪಡಿಸಿದ ಜಾಗ. ಸುರಕ್ಷಿತ ನೀರು ಅದಕ್ಕಿಂತ ಒಂದು ಮೆಟ್ಟಿಲು ಮೇಲೆ: ಪ್ರವಾಹಕ್ಕೆ ಎದುರಾಗಿ ಗುಂಪು ಹುಟ್ಟು ಹಾಕಿ ಹೋಗಬಲ್ಲಷ್ಟು ನಿಧಾನದ ನದಿ, ಅಥವಾ ದಡದಿಂದ 200 ಮೀಟರ್ ದಾಟದಂತೆ ದೊಡ್ಡ ಸರೋವರ. ಗಾಳಿ ಬೋಫೋರ್ಟ್ ಮಾಪನದಲ್ಲಿ 3 ಮೀರಬಾರದು. ಈ 3 ಅನ್ನು ಕಣ್ಣಿನಲ್ಲೇ ಅಳೆಯಬಹುದು: ಅಲೆಗಳ ನೆತ್ತಿ ಅಲ್ಲಲ್ಲಿ ಒಡೆದು ಬೆಳ್ಳಗೆ ಕಾಣತೊಡಗುತ್ತದೆ. ಆ ಬಿಳಿ ಹೆಚ್ಚಿತು ಎಂದರೆ ನಿಮ್ಮ ಪತ್ರದ ಮಿತಿ ಹತ್ತಿರವಾಯಿತು ಎಂದೇ ಅರ್ಥ. ಮಧ್ಯಮ ನೀರಿನಲ್ಲಿ ಸರೋವರದ ಮಿತಿ 500 ಮೀಟರ್, ಗಾಳಿ 4ರವರೆಗೆ. ಅದಕ್ಕೂ ಆಚೆಯದು ಕಠಿಣ ನೀರು. ಸಮುದ್ರಕ್ಕೂ ನೊರೆ ಉಕ್ಕುವ ನದಿಗೂ ಬೇರೆ ಬೇರೆ ಲೆಕ್ಕ.

ಈ ಗೆರೆಗಳನ್ನು ಕಾಗದದ ಗೆರೆ ಎಂದುಕೊಳ್ಳಬೇಡಿ. 2021ರ ಅಕ್ಟೋಬರ್ 30ರಂದು ವೇಲ್ಸ್‌ನ ಹ್ಯಾವರ್‌ಫರ್ಡ್‌ವೆಸ್ಟ್‌ನಲ್ಲಿ ಮಳೆಯಿಂದ ಉಕ್ಕಿದ್ದ ಕ್ಲೆಡೌ ನದಿಗೆ ಪ್ಯಾಡಲ್‌ಬೋರ್ಡ್ ಗುಂಪೊಂದು ಇಳಿಯಿತು. ಊರ ನಡುವಿನ ಒಡ್ಡಿನಲ್ಲಿ ನಡೆದ ದುರಂತದಲ್ಲಿ ನಾಲ್ವರು ಸತ್ತರು. ಗುಂಪನ್ನು ಕರೆದೊಯ್ದ ಸಂಸ್ಥೆಯ ಮಾಲೀಕರ ಬಳಿ ಅರ್ಹತೆ ಇತ್ತು. ಆದರೆ ಅದು ಆರಂಭಿಕ ಹಂತದ್ದು, ಅಂಥ ನೀರಿಗೆ ಸಾಲುವಂಥದ್ದಲ್ಲ. 2025ರಲ್ಲಿ ಅವರಿಗೆ ಹತ್ತೂವರೆ ವರ್ಷ ಜೈಲು ಶಿಕ್ಷೆಯಾಯಿತು. ಒಡ್ಡಿನ ಬುಡದಲ್ಲಿ ನೀರು ಹಿಂದಕ್ಕೆ ಸುತ್ತಿ, ಬಿದ್ದವರನ್ನು ಮತ್ತೆ ಮತ್ತೆ ಒಳಕ್ಕೆಳೆಯುತ್ತದೆ. ಮೇಲಿಂದ ಬರುವವರ ಕಣ್ಣಿಗೆ ಕಾಣುವುದು ನುಣ್ಣನೆಯ ಒಂದು ಗೆರೆ ಮಾತ್ರ. ಆ ಗೆರೆಯನ್ನು ಓದಲು ಕಲಿಸದ ಕೋರ್ಸ್ ಮುಗಿಸಿದವರು ಅಲ್ಲಿಗೆ ಯಾರನ್ನೂ ಕರೆದೊಯ್ಯಕೂಡದು.

ಮೂರನೆಯ ಹಂತ: ಪಾತ್ರ ಆರಿಸಿಕೊಳ್ಳಿ

ಪ್ಯಾಡಲ್‌ಸ್ಪೋರ್ಟ್ ಇನ್‌ಸ್ಟ್ರಕ್ಟರ್ ಅತಿ ಸುರಕ್ಷಿತ ನೀರಿನಲ್ಲಿ, ತಾನು ಕೆಲಸ ಮಾಡುವ ಕೇಂದ್ರ ಅಥವಾ ಕ್ಲಬ್ಬಿನ ನಿಯಮಗಳ ಒಳಗೆ, ಮೊದಲ ಬಾರಿ ದೋಣಿ ಹತ್ತುವವರಿಗೆ ರುಚಿ ತೋರಿಸುತ್ತಾರೆ. ಲೀಡರ್ ಗುಂಪನ್ನು ಪ್ರಯಾಣ ಕರೆದೊಯ್ದು ಕ್ಷೇಮವಾಗಿ ಮರಳಿಸುತ್ತಾರೆ. ಕೋಚ್‌ನ ಕೆಲಸ ಕಲಿಯುವವರ ಕೈಚಳಕ ಬೆಳೆಸುವುದು. ಕೋಚ್ ಅವಾರ್ಡ್‌ನಲ್ಲಿ ದೋಣಿ ಯಾವುದು, ನೀರು ಯಾವುದು ಎರಡನ್ನೂ ನೀವೇ ಆರಿಸಬೇಕು, ಉದಾಹರಣೆಗೆ ಸುರಕ್ಷಿತ ನೀರಿನಲ್ಲಿ ಕನೂ. ಅದರ ಮೇಲೆ ಪರ್ಫಾರ್ಮೆನ್ಸ್ ಕೋಚ್ ಇದೆ. ಹೊಸಬರು ಇನ್‌ಸ್ಟ್ರಕ್ಟರ್ ಆಗಿ ಒಂದು ಬೇಸಿಗೆ ದುಡಿದು ನೋಡುವುದು ಒಳ್ಳೆಯದು.

ನಾಲ್ಕನೆಯ ಹಂತ: ಕಾಗದಪತ್ರ

ಸಂಘದ ಸದಸ್ಯತ್ವ, ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರ, ಸುರಕ್ಷತೆ ಮತ್ತು ರಕ್ಷಣೆಯ ಒಂದು ತರಬೇತಿ, ಮಕ್ಕಳ ರಕ್ಷಣೆಯ ತರಬೇತಿ. ಪ್ರಥಮ ಚಿಕಿತ್ಸೆಯದು 3 ವರ್ಷಕ್ಕೆ ಮುಗಿಯುತ್ತದೆ, ತಾರೀಕು ಫೋನಿನಲ್ಲಿ ಹಾಕಿಕೊಂಡುಬಿಡಿ.

ಐದನೆಯ ಹಂತ: ತರಬೇತಿ, ಆಮೇಲೆ ಪರೀಕ್ಷೆ

ಕೋಚ್ ತರಬೇತಿಯ ಒಂದು ಭಾಗ ಎಲ್ಲರಿಗೂ ಸಮಾನ: ಜನ ಹೇಗೆ ಕಲಿಯುತ್ತಾರೆ, ಪಾಠ ಹೇಗೆ ಕಟ್ಟಬೇಕು, ಯಾವಾಗ ಮಾತಾಡಬೇಕು, ಯಾವಾಗ ಸುಮ್ಮನಿರಬೇಕು. ಇನ್ನೊಂದು ಭಾಗ ನೀವು ಆರಿಸಿದ ದೋಣಿಗೆ, ನೀರಿಗೆ ಸಂಬಂಧಿಸಿದ್ದು. ತರಬೇತಿಗೂ ಪರೀಕ್ಷೆಗೂ ನಡುವೆ ತಿಂಗಳುಗಟ್ಟಲೆ ಅಂತರ ಬಿಡಿ. ಆ ಅವಧಿಯಲ್ಲಿ ಅನುಭವಿ ಕೋಚ್ ಒಬ್ಬರ ಬೆನ್ನು ಹಿಡಿದು, ನಿಜವಾದ ವಿದ್ಯಾರ್ಥಿಗಳಿಗೆ ಕಲಿಸಿ, ಪ್ರತಿ ಪಾಠವನ್ನೂ ಬರೆದಿಡಿ.

ಪರೀಕ್ಷೆಯ ದಿನ ಅಸೆಸರ್ ಏನು ನೋಡುತ್ತಾರೆ? ನನ್ನದೇ ದಿನವನ್ನು ಹೇಳುತ್ತೇನೆ. ವೇಲ್ಸ್‌ನ ಒಂದು ಸರೋವರ, ಇಬ್ಬರು ವಿದ್ಯಾರ್ಥಿಗಳು, ಎರಡು ಕನೂ. ಒಬ್ಬರಿಗೆ ಹುಟ್ಟಿನ ಕೊನೆಯನ್ನು ಹೊರಕ್ಕೆ ತಿರುಗಿಸಿ ದೋಣಿ ನೇರ ಇಡುವ ಜೆ ಸ್ಟ್ರೋಕ್ ತೋರಿಸುತ್ತಿದ್ದೆ. ಹೆಬ್ಬೆರಳು ಕೆಳಮುಖವಾಗಬೇಕು, ಮಣಿಕಟ್ಟು ಸಡಿಲವಾಗಿರಬೇಕು. ಅವರಿಗದು ದಕ್ಕಿತು, ನನಗೂ ಖುಷಿಯಾಯಿತು. ದಡಕ್ಕೆ ಬಂದ ಮೇಲೆ ಅಸೆಸರ್ ಮೆಲ್ಲಗೆ ಕೇಳಿದರು: ‘ಪಾಠ ಚೆನ್ನಾಗಿತ್ತು. ಆ ಹೊತ್ತಿನಲ್ಲಿ ನಿಮ್ಮ ಬೆನ್ನ ಹಿಂದೆ ಏನಾಗುತ್ತಿತ್ತು?’ ಇನ್ನೊಂದು ಕನೂವನ್ನು ಗಾಳಿ ನಿಧಾನಕ್ಕೆ ನಡುನೀರಿನ ಕಡೆ ದೂಡುತ್ತಿತ್ತು. ನಾನು ತಿರುಗಿ ನೋಡಿರಲಿಲ್ಲ. ಆ ದಿನ ತೇರ್ಗಡೆಯಾಗಲಿಲ್ಲ. ಯಾವ ಅಂಶ ಬಾಕಿ, ಏನು ಅಭ್ಯಾಸ ಮಾಡಿ ಬರಬೇಕು ಎಂಬುದನ್ನು ಬರೆದುಕೊಟ್ಟರು. ಮತ್ತೆ ಹೋದಾಗ ಗಾಳಿ ಬರುವ ಕಡೆಗೆ ವಿದ್ಯಾರ್ಥಿಗಳನ್ನಿಟ್ಟು, ಅವರು ತೇಲಿದರೂ ನನ್ನತ್ತಲೇ ಬರುವಂತೆ ನಿಂತೆ. ಅಂದು ಸಿಕ್ಕ ಪತ್ರಕ್ಕಿಂತ ಆ ಮೊದಲ ದಿನದ ಪ್ರಶ್ನೆಯನ್ನು ನಾನು ಹೆಚ್ಚು ಜತನ ಮಾಡಿದ್ದೇನೆ.

ಆರನೆಯ ಹಂತ: ಪರೀಕ್ಷಕರನ್ನು ಯಾರು ನೋಡುತ್ತಾರೆ ಎಂದು ಕೇಳಿ

ಕೇಳುವುದು ನಿಮ್ಮ ಹಕ್ಕು. ಅಸೆಸರ್ ಆಗುವವರು ಮೊದಲು ಬೇರೆಯವರ ಪರೀಕ್ಷೆಗಳಲ್ಲಿ ಜೊತೆಗಿದ್ದು ಕಲಿಯುತ್ತಾರೆ. ಮಾನ್ಯತೆ ಸಿಕ್ಕ ಮೇಲೂ ಗುಣಮಟ್ಟ ಪರಿಶೀಲಿಸುವವರು ಅವರ ಕೋರ್ಸಿಗೆ ಬಂದು ಕುಳಿತು ನೋಡುತ್ತಾರೆ. ಸ್ಕಾಟ್ಲೆಂಡಿನಲ್ಲಿ ಪಾಸಾಗುವ ಕೆಲಸ ಇಂಗ್ಲೆಂಡಿನಲ್ಲೂ ಪಾಸಾಗಬೇಕು, ಒಬ್ಬರು ಸಡಿಲ ಇನ್ನೊಬ್ಬರು ಬಿಗಿ ಆಗಬಾರದು. ಅದಕ್ಕಾಗಿ ಅಸೆಸರ್‌ಗಳು ಸೇರಿ ತಮ್ಮ ತೀರ್ಪುಗಳನ್ನು ಹೋಲಿಸಿಕೊಳ್ಳುತ್ತಾರೆ. ಅಭ್ಯರ್ಥಿಗಳ ಅಭಿಪ್ರಾಯವನ್ನೂ ಪಡೆಯುತ್ತಾರೆ. ಅದನ್ನು ಮುಲಾಜಿಲ್ಲದೆ ಬರೆಯಿರಿ. ಫಲಿತಾಂಶ ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೂ ದಾರಿ ಇದೆ.

ಒಂದು ಗೊಂದಲ ಬಿಡಿಸಿಬಿಡುತ್ತೇನೆ. ಅರ್ಹತೆ ವ್ಯಕ್ತಿಯದು, ಲೈಸೆನ್ಸ್ ಸಂಸ್ಥೆಯದು. 1993ರ ಮಾರ್ಚ್ 22ರಂದು ಲೈಮ್ ಬೇಯಲ್ಲಿ ಕಯಾಕ್ ಹಾಕಲು ಹೋದ ಪ್ಲಿಮತ್‌ನ ನಾಲ್ವರು ಶಾಲಾಮಕ್ಕಳು ಗಾಳಿಗೆ ಕಡಲೊಳಗೆ ಸಿಕ್ಕಿ ಸತ್ತರು. ಆ ದುರಂತದಿಂದಾಗಿ 1995ರಲ್ಲಿ ಕಾನೂನು ಬಂತು. ಹದಿನೆಂಟು ತುಂಬದವರನ್ನು ಹಣ ಪಡೆದು ಇಂಥ ಸಾಹಸಕ್ಕೆ ಕರೆದೊಯ್ಯುವ ಸಂಸ್ಥೆಗಳು ಸರ್ಕಾರದ ಪರಿಶೀಲನೆಗೆ ಒಳಪಡಬೇಕಾಯಿತು. ನೀವು ಕೋಚ್ ಆಗಿದ್ದರೂ ಸ್ವಂತ ಸಂಸ್ಥೆ ತೆರೆದು ಮಕ್ಕಳನ್ನು ಸಮುದ್ರಕ್ಕೆ ಕರೆದೊಯ್ಯುವುದಾದರೆ ಈ ಲೈಸೆನ್ಸ್ ಬೇರೆಯೇ ಬೇಕು.

ಕೊನೆಯ ಹಂತ: ಇವತ್ತೇ ಶುರುಮಾಡುವ ಕೆಲಸ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಮುಂದಿನ ಬಾರಿ ನೀರಿಗಿಳಿದು ಬಂದ ಕೂಡಲೇ, ಬಟ್ಟೆ ಬದಲಿಸುವ ಮೊದಲೇ, ಐದು ವಿಷಯ ಬರೆಯಿರಿ: ತಾರೀಕು, ಜಾಗ, ಗಾಳಿಯ ದಿಕ್ಕು ಮತ್ತು ಬಲ, ದಡದಿಂದ ಎಷ್ಟು ದೂರ ಹೋದಿರಿ, ಜೊತೆಗೆ ಯಾರಿದ್ದರು. ತರಬೇತಿಗೆ ಹೆಸರು ಕೊಡುವಾಗ ಟ್ಯೂಟರ್ ಕೇಳುವುದು ಈ ಪುಟಗಳನ್ನೇ.