ಎ.ಸಿ. ಗ್ಯಾಸ್ ಸವೆಯುವುದಿಲ್ಲ, ಸೋರುತ್ತದೆ

ಪ್ರಶ್ನೆ: ನಮ್ಮದು 2004ರ ಆಲ್ಟೊ. ಪ್ರತಿ ಬೇಸಿಗೆಗೂ ಚಾಮರಾಜನಗರಕ್ಕೆ ಹೋಗಿ ಎ.ಸಿ. ಗ್ಯಾಸ್ ತುಂಬಿಸುತ್ತೇವೆ. ವರ್ಷ ತಿರುಗುವಷ್ಟರಲ್ಲಿ ಮತ್ತೆ ಬಿಸಿಗಾಳಿ. ಹಳೆ ಗಾಡಿ ಗ್ಯಾಸ್ ಜಾಸ್ತಿ ಕುಡಿಯುತ್ತದೆಯೇ?
— ಓದುಗರು, ತಾಳವಾಡಿ

ಉತ್ತರ: ಇಲ್ಲ. ಅದು ಪೆಟ್ರೋಲಿನಂತೆ ಉರಿದು ಮುಗಿಯುವುದಿಲ್ಲ, ಕೊಳವೆಗಳೊಳಗೇ ಸುತ್ತುತ್ತಿರುತ್ತದೆ. ವರ್ಷದೊಳಗೆ ಖಾಲಿಯಾಯಿತೆಂದರೆ ಎಲ್ಲೋ ಸೋರುತ್ತಿದೆ. ಬಾನೆಟ್ ಎತ್ತಿ ಪೈಪಿನ ಜಾಯಿಂಟ್, ಕಂಪ್ರೆಸರ್‌ನ ಮುಂಭಾಗ, ಕಂಡೆನ್ಸರ್‌ನ ಅಂಚು ನೋಡಿ. ಗ್ಯಾಸಿನ ಜೊತೆ ಎಣ್ಣೆಯೂ ಹೊರಬರುವುದರಿಂದ ಸೋರುವ ಕಡೆ ಜಿಡ್ಡಿಗೆ ಮಣ್ಣು ಮೆತ್ತಿಕೊಂಡಿರುತ್ತದೆ. ಕಾಣದಿದ್ದರೆ ನೈಟ್ರೋಜನ್ ಒತ್ತಡ ಕೊಟ್ಟು, ಸೋಪಿನ ನೀರು ಹಚ್ಚಿ ಗುಳ್ಳೆ ಹುಡುಕಿಸಿ. ಎಷ್ಟೋ ಸಲ ಕೆಟ್ಟಿರುವುದು ಒಂದು ಸಣ್ಣ ರಬ್ಬರ್ ಓ-ರಿಂಗ್ ಮಾತ್ರ.

ಸೋರಿಕೆ ಮುಚ್ಚಿದ ಮೇಲೆ ತೇವ ಹೀರುವ ಡ್ರೈಯರ್ ಬದಲಿಸಿ, ಕನಿಷ್ಠ ಅರ್ಧ ಗಂಟೆ ವ್ಯಾಕ್ಯೂಮ್ ಎಳೆಸಿ. ಪಂಪ್ ನಿಲ್ಲಿಸಿದಾಗ ಗೇಜಿನ ಮುಳ್ಳು ಅಲ್ಲಾಡಬಾರದು. ಒಳಗೆ ತೇವ ಉಳಿದರೆ ಎಕ್ಸ್‌ಪಾನ್ಷನ್ ವಾಲ್ವಿನಲ್ಲಿ ಮಂಜುಗಟ್ಟಿ ಕೂಲಿಂಗ್ ನಿಂತುಹೋಗುತ್ತದೆ. ಸೋರಿಹೋದ ಎಣ್ಣೆಯನ್ನೂ ಹಾಕಿಸಿ, ಅದಿಲ್ಲದೆ ಕಂಪ್ರೆಸರ್ ಜಾಮ್ ಆಗುತ್ತದೆ. ಗ್ಯಾಸನ್ನು ಲೇಬಲ್‌ನಲ್ಲಿರುವ ಗ್ರಾಮ್ ಲೆಕ್ಕದಲ್ಲಿ ತೂಗಿ ತುಂಬಿಸಿ. ಹೆಚ್ಚಾದರೂ ಕೂಲಿಂಗ್ ಕೆಡುತ್ತದೆ. ನಿಮ್ಮ ಗಾಡಿಯ ಆರ್-134ಎ ಗ್ಯಾಸ್ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮಿಗಿಲು. ಅದಕ್ಕೇ, ಹಣ ಕೊಡುವುದಾದರೆ ಸೋರಿಕೆ ಹುಡುಕುವ ಕೆಲಸಕ್ಕೆ ಕೊಡಿ.

ಪ್ರಶ್ನೆ: ಸತ್ಯಮಂಗಲದಿಂದ ಬಣ್ಣಾರಿವರೆಗೆ ಚೆನ್ನಾಗಿ ತಂಪು. ದಿಂಬಂ ಘಾಟ್ ಹತ್ತುವಾಗ ಮಾತ್ರ ಬಿಸಿಗಾಳಿ. ಗ್ಯಾಸ್ ಹಾಕಿಸಬೇಕೇ?
— ಓದುಗರು, ಹಾಸನೂರು

ಉತ್ತರ: ಈಗಲೇ ಬೇಡ, ಮೊದಲು ಫ್ಯಾನ್ ನೋಡಿ. ಬಯಲಿನಲ್ಲಿ ಓಡುವ ಗಾಳಿಯೇ ಕಂಡೆನ್ಸರನ್ನು ತಣಿಸುತ್ತದೆ. ದಿಂಬಂನ 27 ಹೇರ್‌ಪಿನ್ ತಿರುವುಗಳಲ್ಲಿ ಲಾರಿಗಳ ಹಿಂದೆ ಫಸ್ಟ್ ಗೇರಿನಲ್ಲಿ ತೆವಳುವಾಗ ಆ ಗಾಳಿ ಇರುವುದಿಲ್ಲ, ಫ್ಯಾನೇ ಗತಿ. ಗಾಡಿ ನಿಲ್ಲಿಸಿ ಎ.ಸಿ. ಹಾಕಿ; ಕಂಪ್ರೆಸರ್‌ನ ಕ್ಲಚ್ ಟಕ್ಕೆಂದು ಕೂತ ಮೇಲೂ ಫ್ಯಾನ್ ತಿರುಗದಿದ್ದರೆ ಫ್ಯೂಸ್, ರಿಲೇ, ಮೋಟಾರ್ ಪರೀಕ್ಷಿಸಿ. ಫ್ಯಾನ್ ಏಕಾಏಕಿ ತಿರುಗಬಹುದು, ಕೈ ದೂರವಿರಲಿ. ಕಂಡೆನ್ಸರ್ ರೆಕ್ಕೆಗಳ ಕೆಮ್ಮಣ್ಣನ್ನು ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಎಂಜಿನ್ ಬಿಸಿ ತೋರಿಸುವ ಮುಳ್ಳು ಮೇಲೇರಿದರೆ ಎ.ಸಿ. ಆರಿಸಿ.

ಪ್ರಶ್ನೆ: 1992ರ ಮಾರುತಿ 800. ಹಳೆ ಗ್ಯಾಸ್ ಸಿಗುತ್ತಿಲ್ಲ. ಅಡುಗೆ ಗ್ಯಾಸಿನಂಥದ್ದೂ ನಡೆಯುತ್ತದೆ ಎನ್ನುತ್ತಾರೆ. ಹಾಕಿಸಬಹುದೇ?
— ಓದುಗರು, ತಲಮಲೈ

ಉತ್ತರ: ಖಂಡಿತ ಬೇಡ. ಕೂಲಿಂಗ್ ಕಾಯಿಲ್ ಇರುವುದು ಡ್ಯಾಶ್‌ಬೋರ್ಡ್ ಒಳಗೆ. ಸೋರಿದರೆ ಉರಿಯುವ ಗ್ಯಾಸ್ ನೇರವಾಗಿ ನೀವು ಕೂತ ಜಾಗಕ್ಕೆ ಬರುತ್ತದೆ. ಆ ಕಾಲದ ಗಾಡಿಗಳಲ್ಲಿದ್ದ ಆರ್-12 ಓಝೋನ್ ಪದರ ಕೊರೆಯುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದದಂತೆ ಕೈಬಿಡಲಾಯಿತು. ಆರ್-134ಎಗೆ ಬದಲಾಯಿಸಬಹುದು. ಅದಕ್ಕೆ ಹಳೆ ಎಣ್ಣೆ ತೆಗೆದು ಹೊಂದುವ ಎಣ್ಣೆ, ಹೊಸ ಓ-ರಿಂಗ್, ಡ್ರೈಯರ್, ತುಂಬುವ ಬಾಯಿ ಹಾಕಿಸಬೇಕು. ಗ್ಯಾಸಿನ ತೂಕವೂ ಹಿಂದಿನದಕ್ಕಿಂತ ತುಸು ಕಡಿಮೆ ಇರಲಿ. ಕೂಲಿಂಗ್ ಸ್ವಲ್ಪ ತಗ್ಗಬಹುದು, ಆದರೆ ನಿಮ್ಮ ಬೆಟ್ಟದ ಹವೆಗೆ ಅಷ್ಟು ಸಾಕು.